ಕರುಳು ತೊಳೆಯುವ ನೀರು: ಶಾಸ್ತ್ರದ ಬಸ್ತಿಯೂ ಇಂದಿನ ರೂಢಿಯೂ

ಆರೋಗ್ಯದ ವಿಷಯದಲ್ಲಿ ಜನರ ಕಾಳಜಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಕಾಳಜಿಯ ಬೆನ್ನಿಗೇ ಒಂದು ಭಯವೂ ಬೆಳೆಯುತ್ತಿದೆ. ಕರುಳಿನ ಗೋಡೆಗೆ ವರ್ಷಗಟ್ಟಲೆ ಮಲ ಅಂಟಿಕೊಂಡಿರುತ್ತದೆ, ಅದು ಕೊಳೆತು ವಿಷವಾಗಿ ರಕ್ತಕ್ಕೆ ಸೇರುತ್ತದೆ, ಆದಕಾರಣ ಕರುಳನ್ನು ಆಗಾಗ ನೀರಿನಿಂದ ತೊಳೆಯಲೇಬೇಕು ಎಂಬುದೇ ಆ ಭಯ. ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳೂ ಮೂರು ದಿನದ ಶಿಬಿರಗಳೂ ಇದನ್ನು ಮನೆಮನೆಗೆ ಮುಟ್ಟಿಸಿವೆ. ಬೇವೂರಿನ ನಮ್ಮ ಚಿಕಿತ್ಸಾಲಯಕ್ಕೆ ಬಂದು, “ಡಾಕ್ಟ್ರ, ಒಮ್ಮೆ ಹೊಟ್ಟಿ ಪೂರಾ ತೊಳದ ಬಿಡ್ರಿ” ಎಂದು ಕೇಳುವವರು ಈಗ ವಾರಕ್ಕೆ ಇಬ್ಬರಾದರೂ ಇದ್ದೇ ಇರುತ್ತಾರೆ. ಕೆಲವರು ಕೇಳುವುದಕ್ಕೂ ಬರುವುದಿಲ್ಲ. ಎನಿಮಾ ಡಬ್ಬಿಯನ್ನು ತಾವೇ ತಂದು ಗೋಡೆಯ ಮೊಳೆಗೆ ತೂಗುಹಾಕಿಕೊಂಡಿರುತ್ತಾರೆ.

ಆಯುರ್ವೇದದ ವೈದ್ಯರಾದ ನಾವು ಬಸ್ತಿ ಚಿಕಿತ್ಸೆಯನ್ನು ಅಲ್ಲಗಳೆಯುವವರಲ್ಲ. ದಿನನಿತ್ಯ ಅದನ್ನು ಮಾಡುತ್ತಲೇ ಇದ್ದೇವೆ. ಆದುದರಿಂದಲೇ ಈ ಮಾತನ್ನು ನಾವು ಹೇಳಬೇಕಾಗಿದೆ. ಕರುಳು ತೊಳೆಯುವುದು ಪರೀಕ್ಷಿಸಿದ ರೋಗಿಗೆ, ಪರಿಮಿತ ದಿನಗಳಿಗೆ ಕೊಡುವ ಚಿಕಿತ್ಸೆಯೇ ಹೊರತು ಹಲ್ಲುಜ್ಜುವಂತಹ ನಿತ್ಯಕರ್ಮವಲ್ಲ. ಹೀಗೆಂದು ಹೇಳುವುದಕ್ಕೆ ಪಾಶ್ಚಾತ್ಯ ವೈದ್ಯವೇ ಬೇಕೆಂದಿಲ್ಲ, ನಮ್ಮ ಸಂಹಿತೆಗಳೇ ಸಾಕು.

ಶಾಸ್ತ್ರ ಹೇಳಿದ ಬಸ್ತಿ

ಬಸ್ತಿ ಎಂಬ ಶಬ್ದಕ್ಕೆ ಮೂತ್ರಕೋಶ ಎಂದು ಅರ್ಥ. ಪ್ರಾಚೀನ ಕಾಲದಲ್ಲಿ ಆಡು, ಎಮ್ಮೆ ಮುಂತಾದ ಪ್ರಾಣಿಗಳ ಮೂತ್ರಕೋಶವನ್ನು ಹದಗೊಳಿಸಿ ಚೀಲವನ್ನಾಗಿ ಮಾಡಿ, ಅದರ ಬಾಯಿಗೆ ನಳಿಗೆಯನ್ನು ಕಟ್ಟಿ ಔಷಧವನ್ನು ಗುದಮಾರ್ಗದಿಂದ ಒಳಗೆ ಕಳುಹಿಸುತ್ತಿದ್ದರು. ಉಪಕರಣದ ಹೆಸರೇ ಚಿಕಿತ್ಸೆಯ ಹೆಸರಾಯಿತು. ಇಂದು ಆ ಚೀಲದ ಸ್ಥಾನದಲ್ಲಿ ರಬ್ಬರು ಮತ್ತು ಪ್ಲಾಸ್ಟಿಕ್ ಬಂದಿವೆ. ಚರಕಸಂಹಿತೆಯ ಸಿದ್ಧಿಸ್ಥಾನದ ಬಹುಭಾಗ ಬಸ್ತಿಗೇ ಮೀಸಲು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 35ರಿಂದ 38ರವರೆಗಿನ ಅಧ್ಯಾಯಗಳು ಇದನ್ನೇ ವಿವರಿಸುತ್ತವೆ. ವಾತದೋಷದ ಮುಖ್ಯಸ್ಥಾನ ಪಕ್ವಾಶಯ, ಅಂದರೆ ದೊಡ್ಡ ಕರುಳು. ಆದ್ದರಿಂದ ವಾತರೋಗಗಳಲ್ಲಿ ಬಸ್ತಿಯೇ ಅರ್ಧ ಚಿಕಿತ್ಸೆ ಎಂದು ಕೆಲವು ಆಚಾರ್ಯರೂ, ಪೂರ್ಣ ಚಿಕಿತ್ಸೆಯೇ ಎಂದು ಮತ್ತೆ ಕೆಲವರೂ ಎಣಿಸಿದರು.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಶಾಸ್ತ್ರದ ಬಸ್ತಿ ಬರಿಯ ನೀರಿನದಲ್ಲ. ನಿರೂಹ ಬಸ್ತಿಯಲ್ಲಿ ಜೇನುತುಪ್ಪ, ಸೈಂಧವ ಲವಣ, ಎಣ್ಣೆ ಅಥವಾ ತುಪ್ಪ, ಔಷಧಿಗಳ ಕಲ್ಕ, ಕೊನೆಗೆ ಕಷಾಯ, ಇವನ್ನು ಇದೇ ಕ್ರಮದಲ್ಲಿ ಸೇರಿಸಿ ಏಕರೂಪವಾಗುವವರೆಗೆ ಕಡೆಯಬೇಕು. ವಯಸ್ಕರಿಗೆ ಅದರ ಪೂರ್ಣಮಾತ್ರೆ 12 ಪ್ರಸೃತ, ಇಂದಿನ ಲೆಕ್ಕದಲ್ಲಿ ಒಂದು ಲೀಟರಿಗಿಂತ ತುಸು ಹೆಚ್ಚು. ಒಳಗೆ ಹೋದ ದ್ರವ ಒಂದು ಮುಹೂರ್ತದೊಳಗೆ, ಅಂದರೆ 48 ನಿಮಿಷಗಳೊಳಗೆ, ಹೊರಗೆ ಬರಬೇಕು. ಅನುವಾಸನ ಬಸ್ತಿಯಲ್ಲಾದರೋ ಎಣ್ಣೆಯೇ ಪ್ರಧಾನ. ಅದನ್ನು ಊಟವಾದ ಮೇಲೆ ಕೊಡುತ್ತಾರೆ, ಬಹುಹೊತ್ತು ಒಳಗೇ ನಿಲ್ಲಬೇಕು. ಬರಿಯ ನಿರೂಹವನ್ನೇ ಕೊಡುತ್ತ ಹೋದರೆ ವಾತ ಕೆರಳುತ್ತದೆ, ಬರಿಯ ಎಣ್ಣೆಯನ್ನೇ ಕೊಡುತ್ತ ಹೋದರೆ ಅಗ್ನಿ ಮಂದವಾಗುತ್ತದೆ. ಆದ್ದರಿಂದ ಒಂದನ್ನು ಇನ್ನೊಂದರೊಡನೆ ಹೆಣೆಯಬೇಕೆಂದು ಚರಕರ ಆದೇಶ. ತೊಳೆಯುವುದಕ್ಕೆ ಎಷ್ಟು ಮಹತ್ವವೋ, ತೊಳೆದ ಜಾಗವನ್ನು ಮತ್ತೆ ಸ್ನಿಗ್ಧಗೊಳಿಸುವುದಕ್ಕೂ ಅಷ್ಟೇ ಮಹತ್ವ.

ಈ ಸರಣಿಗೂ ಮಿತಿಯುಂಟು. ಯೋಗಬಸ್ತಿ 8, ಕಾಲಬಸ್ತಿ 16, ಕರ್ಮಬಸ್ತಿ 30. ಅದಾದ ಮೇಲೆ ನಿಲ್ಲಿಸಬೇಕು. ನಳಿಗೆಯ ಅಳತೆಯನ್ನೂ ಆಚಾರ್ಯರು ಬಿಡಲಿಲ್ಲ: ಆರು ವರ್ಷದ ಮಗುವಿಗೆ 6 ಅಂಗುಲ, ಹನ್ನೆರಡು ವರ್ಷದವರಿಗೆ 8, ಇಪ್ಪತ್ತು ವರ್ಷದವರಿಗೆ 12 ಅಂಗುಲ, ಮಗುವಿನ ನಳಿಗೆಯ ರಂಧ್ರ ಹೆಸರುಕಾಳಿನಷ್ಟೇ ಇರಬೇಕು. ನಳಿಗೆಯಲ್ಲಿ 8 ದೋಷಗಳು, ಚೀಲದಲ್ಲಿ 8 ದೋಷಗಳು, ಬಸ್ತಿ ಕೊಡುವ ವೈದ್ಯನ ಕೈಯಲ್ಲಿ 10 ದೋಷಗಳು ಎಂದು ಎಣಿಸಿ ಬರೆದಿದ್ದಾರೆ. ತಪ್ಪಿ ನಡೆದರೆ ಉಂಟಾಗುವ 12 ಉಪದ್ರವಗಳ ಪಟ್ಟಿಯೂ ಇದೆ. ಹೊಟ್ಟೆಯುಬ್ಬರ, ಬಿಕ್ಕಳಿಕೆ, ಗುದದಲ್ಲಿ ಕತ್ತರಿಸಿದಂತಹ ನೋವು, ಹೃದಯದ ಬಾಧೆ ಎಲ್ಲವೂ ಅದರಲ್ಲಿವೆ. ಯಾರಿಗೆ ನಿರೂಹ ಬಸ್ತಿ ಕೊಡಲೇಬಾರದು ಎಂಬ ಪಟ್ಟಿಯಂತೂ ಇನ್ನೂ ಉದ್ದ. ಅಜೀರ್ಣವಾದವರು, ತೀರ ಕೃಶರಾದವರು, ಮಧುಮೇಹಿಗಳು, ಜಲೋದರದವರು ಅದರಲ್ಲಿ ಸೇರಿದ್ದಾರೆ. ಹಸಿದು ಬಾಯಾರಿ ದಣಿದವರು, ಕೋಪಗೊಂಡವರು, ಹೆದರಿದವರು ಸಹ ಸೇರಿದ್ದಾರೆ. ಹೆದರಿದವನಿಗೆ ಬಸ್ತಿ ಬೇಡವೆಂದು ಬರೆದ ಆಚಾರ್ಯರ ಸೂಕ್ಷ್ಮವನ್ನು ನಾವು ವಿದ್ಯಾರ್ಥಿ ದೆಸೆಯಿಂದ ಇಂದಿನವರೆಗೂ ಮೆಚ್ಚುತ್ತ ಬಂದಿದ್ದೇವೆ. ಇಷ್ಟೆಲ್ಲ ಕಟ್ಟುಪಾಡು ಇರುವ ಕರ್ಮವನ್ನು ಇಂದು ಎರಡು ನಿಮಿಷದ ವಿಡಿಯೋ ನೋಡಿ ಮಾಡಿಕೊಳ್ಳುತ್ತಿದ್ದಾರೆ.

ಯೋಗಿಗಳ ಜಲಬಸ್ತಿ

ನೀರನ್ನೇ ಬಳಸುವ ಪದ್ಧತಿ ನಮಗೆ ಬಂದದ್ದು ಹಠಯೋಗದಿಂದ. ಸುಮಾರು 15ನೆಯ ಶತಮಾನದ ಸ್ವಾತ್ಮಾರಾಮ ಯೋಗಿಯ ಹಠಯೋಗಪ್ರದೀಪಿಕೆಯಲ್ಲಿ ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ, ಕಪಾಲಭಾತಿ ಎಂಬ ಷಟ್ಕರ್ಮಗಳ ವಿವರಣೆಯಿದೆ. ಸಾಧಕನು ಹೊಕ್ಕುಳಮಟ್ಟದ ನೀರಿನಲ್ಲಿ ಉತ್ಕಟಾಸನದಲ್ಲಿ ಕುಳಿತು, ಗುದದಲ್ಲಿ ಸಣ್ಣ ನಳಿಗೆಯನ್ನಿಟ್ಟು, ಹೊಟ್ಟೆಯನ್ನು ಒಳಕ್ಕೆಳೆದು ನೀರನ್ನು ಹೀರಿಕೊಳ್ಳುತ್ತಾನೆ, ಅಲುಗಾಡಿಸಿ ಬಿಡುತ್ತಾನೆ. ಮುಂದಿನ ಕಾಲದ ಘೇರಂಡಸಂಹಿತೆಯು ಜಲಬಸ್ತಿ ಮತ್ತು ಶುಷ್ಕಬಸ್ತಿ ಎಂದು ಎರಡು ಬಗೆ ಹೇಳಿ, ಬಾಯಿಯಿಂದ ಕುಡಿದ ನೀರನ್ನು ಗುದದವರೆಗೆ ಹರಿಸುವ ವಾರಿಸಾರ ಕ್ರಿಯೆಯನ್ನೂ ಬೋಧಿಸುತ್ತದೆ. ಇಂದು ಶಿಬಿರಗಳಲ್ಲಿ ಶಂಖಪ್ರಕ್ಷಾಲನ ಎನ್ನುವುದು ಇದನ್ನೇ. ಕರುಳಿನ ಸುರುಳಿಯನ್ನು ಶಂಖಕ್ಕೆ ಹೋಲಿಸಿದ ಹೆಸರು ಅದು.

ನೀರು ಕೆಳಗಿನಿಂದ ಮೇಲಕ್ಕೆ ಏರುವುದಾದರೂ ಹೇಗೆ? ಇದಕ್ಕೆ ಉತ್ತರ ಹುಡುಕಿದವರು ಸ್ವಾಮಿ ಕುವಲಯಾನಂದರು. 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ ‘ಯೋಗ ಮೀಮಾಂಸಾ’ ಪತ್ರಿಕೆಯನ್ನು ಆರಂಭಿಸಿದ ಅವರು, ನೌಲಿ ಮಾಡುವ ಸಾಧಕರ ಕರುಳಿನೊಳಗಿನ ಒತ್ತಡವನ್ನು ಅಳೆದರು, ಎಕ್ಸರೇ ತೆಗೆಸಿದರು. ಹೊಟ್ಟೆಯ ನಡುವಿನ ಸ್ನಾಯು ಎದ್ದು ನಿಂತಾಗ ದೊಡ್ಡ ಕರುಳಿನಲ್ಲಿ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ, ಆ ನಿರ್ವಾತವೇ ನೀರನ್ನು ಎಳೆದುಕೊಳ್ಳುತ್ತದೆ ಎಂದು ಕಂಡುಕೊಂಡು, ತಮ್ಮ ಗುರುಗಳಾದ ಮಾಧವದಾಸರ ಹೆಸರನ್ನು ಆ ನಿರ್ವಾತಕ್ಕೆ ಇಟ್ಟರು. ಯೋಗವನ್ನು ನಂಬಿದವರೇ ಅದನ್ನು ಮಾಪನಕ್ಕೆ ಒಡ್ಡಿದ ಆ ಧೈರ್ಯ ದೊಡ್ಡದು.

ಆದರೆ ಶಿಬಿರಗಳಲ್ಲಿ ಯಾರೂ ಹೇಳದ ಮಾತೊಂದುಂಟು. ಮೇದಸ್ಸು ಮತ್ತು ಕಫ ಅಧಿಕವಾಗಿರುವವರು ಮಾತ್ರ ಮೊದಲು ಷಟ್ಕರ್ಮಗಳನ್ನು ಮಾಡಬೇಕು, ದೋಷಗಳು ಸಮವಾಗಿರುವ ಇತರರಿಗೆ ಅವು ಬೇಡ ಎಂದು ಹಠಯೋಗಪ್ರದೀಪಿಕೆಯೇ ಸ್ಪಷ್ಟವಾಗಿ ಹೇಳುತ್ತದೆ. ಪ್ರಾಣಾಯಾಮವೊಂದರಿಂದಲೇ ಮಲಶೋಧನ ಆಗುತ್ತದೆಂಬ ಆಚಾರ್ಯರ ಮತವನ್ನೂ ಅದು ದಾಖಲಿಸಿದೆ. ಇನ್ನು, ನಮ್ಮ ಶರಣರು ಬಯಸಿದ ಅಂತರಂಗದ ಶುದ್ಧಿ ಮನಸ್ಸಿಗೆ ಸಂಬಂಧಿಸಿದ್ದು. ಎನಿಮಾ ಡಬ್ಬಿಯಿಂದ ಅದು ಆಗುವಂತಿದ್ದರೆ ಕೆಲಸ ಬಹಳ ಸುಲಭವಾಗುತ್ತಿತ್ತು.

‘ಮಲವೇ ವಿಷ’ ಎಂಬ ಭಾವನೆ ಎಲ್ಲಿಂದ ಬಂತು?

ಕರುಳು ತೊಳೆಯುವ ಪದ್ಧತಿ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಸುಮಾರು 3500 ವರ್ಷಗಳಷ್ಟು ಹಳೆಯ ಈಜಿಪ್ಟಿನ ಏಬರ್ಸ್ ಪೆಪೈರಸ್‌ನಲ್ಲಿ ಎನಿಮಾದ ಉಲ್ಲೇಖವಿದೆ. ಈಜಿಪ್ಟಿನವರು ಪ್ರತಿ ತಿಂಗಳು ಮೂರು ದಿನ ಹೊಟ್ಟೆ ಶುದ್ಧಿ ಮಾಡಿಕೊಳ್ಳುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಆದರೆ ಇಂದಿನ ಭಯದ ಮೂಲ ಇಷ್ಟು ಹಳೆಯದಲ್ಲ. 19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಆರಂಭದಲ್ಲಿ, ಕರುಳಿನಲ್ಲಿ ನಿಂತ ಮಲದಿಂದ ದೇಹ ತನಗೆ ತಾನೇ ವಿಷವೂಡಿಕೊಳ್ಳುತ್ತದೆ ಎಂಬ ಸಿದ್ಧಾಂತ ಯುರೋಪ್ ಅಮೆರಿಕಗಳಲ್ಲಿ ಪ್ರಬಲವಾಗಿತ್ತು. ಅಮೆರಿಕದ ಬ್ಯಾಟಲ್ ಕ್ರೀಕ್‌ನ ಆರೋಗ್ಯಧಾಮದಲ್ಲಿ ಡಾ. ಕೆಲಾಗ್ ಅವರು ಎನಿಮಾವನ್ನು ಬಹುವಾಗಿ ಪ್ರಚಾರಪಡಿಸಿದರು. ಲಂಡನ್ನಿನ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನ್ ಅವರಂತೂ ಮಲಬದ್ಧತೆಗೆಂದು ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1919ರಲ್ಲಿ ಆಲ್ವಾರೆಜ್ ಎಂಬ ವೈದ್ಯರು ಈ ಸಿದ್ಧಾಂತವನ್ನು ಪ್ರಶ್ನಿಸಿದರು. 1922ರಲ್ಲಿ ಡೊನಾಲ್ಡ್‌ಸನ್ ಎಂಬವರು ಆರೋಗ್ಯವಂತರ ಗುದನಾಳದಲ್ಲಿ ಬರಿಯ ಹತ್ತಿಯನ್ನು ತುಂಬಿ ನೋಡಿದಾಗ, ಮಲಬದ್ಧತೆಯಲ್ಲಿ ಕಾಣುವ ತಲೆನೋವು, ಜಡತ್ವ, ಬೇಸರಗಳೇ ಕಾಣಿಸಿಕೊಂಡವು. ಹತ್ತಿ ತೆಗೆದೊಡನೆ ಮಾಯವಾದವು. ಹತ್ತಿಯಲ್ಲಿ ವಿಷವೆಲ್ಲಿಯದು? ನಾಳ ಹಿಗ್ಗಿದ್ದೇ ಆ ತೊಂದರೆಗೆ ಕಾರಣವಾಗಿತ್ತು.

ಅಷ್ಟರಲ್ಲಿ ಈ ವಿಚಾರಗಳು ಪ್ರಕೃತಿ ಚಿಕಿತ್ಸೆಯ ಮೂಲಕ ಭಾರತಕ್ಕೆ ಬಂದಿದ್ದವು. ಜರ್ಮನಿಯ ಲೂಯಿ ಕೂನೆಯ ಗ್ರಂಥ 1894ರಲ್ಲಿಯೇ ತೆಲುಗಿಗೆ ಅನುವಾದವಾಯಿತು. ಕೂನೆ ಮತ್ತು ಅಡಾಲ್ಫ್ ಜಸ್ಟ್ ಅವರ ಪುಸ್ತಕಗಳನ್ನೋದಿ ಪ್ರಭಾವಿತರಾದ ಮಹಾತ್ಮಾ ಗಾಂಧೀಜಿಯವರು ಮಣ್ಣಿನ ಪಟ್ಟಿ, ಜಲಚಿಕಿತ್ಸೆ, ಎನಿಮಾಗಳನ್ನು ತಾವೂ ಬಳಸಿದರು, ಆಶ್ರಮವಾಸಿಗಳಿಗೂ ಹೇಳಿದರು; 1946ರಲ್ಲಿ ಪುಣೆಯ ಹತ್ತಿರದ ಉರುಳಿಕಾಂಚನದಲ್ಲಿ ಪ್ರಕೃತಿ ಚಿಕಿತ್ಸಾ ಕೇಂದ್ರಕ್ಕೆ ಕಾರಣರಾದರು. ನಮ್ಮ ನಾಡಿನಲ್ಲಿ 1979ರಲ್ಲಿ ಬೆಂಗಳೂರಿನಲ್ಲಿ ಜಿಂದಾಲ್ ಪ್ರಕೃತಿ ಚಿಕಿತ್ಸಾ ಸಂಸ್ಥೆ ಆರಂಭವಾಯಿತು, 1989ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಕಾಲೇಜು ತೆರೆಯಿತು. ಇಂತಹ ಕಡೆ ಉಪವಾಸ, ಆಹಾರ, ವಿಶ್ರಾಂತಿಗಳ ಜೊತೆಗೆ, ತರಬೇತಿ ಪಡೆದ ವೈದ್ಯರ ಕಣ್ಣೆದುರಿಗೆ ನಡೆಯುವ ಎನಿಮಾಕ್ಕೂ ಮನೆಯ ಬಚ್ಚಲಲ್ಲಿ ಒಬ್ಬರೇ ಮಾಡಿಕೊಳ್ಳುವ ಎನಿಮಾಕ್ಕೂ ಬಹಳ ಅಂತರವಿದೆ.

ಮಲವೆಂದರೆ ವಿಷವೆಂದು ಆಯುರ್ವೇದ ಎಂದೂ ಹೇಳಿಲ್ಲ. ದೋಷ ಮತ್ತು ಧಾತುಗಳಂತೆ ಮಲವೂ ಶರೀರದ ಆಧಾರಗಳಲ್ಲೊಂದು. ರಾಜಯಕ್ಷ್ಮದಿಂದ, ಅಂದರೆ ಕ್ಷಯದಿಂದ, ಸೊರಗಿದವನ ಮಲವನ್ನು ಪ್ರಯತ್ನಪೂರ್ವಕವಾಗಿ ರಕ್ಷಿಸಬೇಕು, ಧಾತುಗಳು ಕ್ಷೀಣಿಸಿದ ಅವನಿಗೆ ಉಳಿದ ಬಲ ಅದೊಂದೇ ಎಂದು ಚರಕರು ಹೇಳುತ್ತಾರೆ. ಸೊರಗಿದ ವೃದ್ಧರಿಗೆ ಭೇದಿ ಮಾಡಿಸುವ ಮುನ್ನ ಈ ಮಾತನ್ನು ನೆನೆಯಬೇಕು.

ಕರುಳಿನ ಗೋಡೆಗೆ ಹಳೆಯ ಮಲ ಅಂಟಿರುತ್ತದೆ ಎಂಬುದೂ ಸರಿಯಲ್ಲ. ದೊಡ್ಡ ಕರುಳು ಸುಮಾರು ಐದು ಅಡಿ ಉದ್ದವಿದೆ. ಅದರ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತವೆ; ಅಂಟಿಕೊಳ್ಳುವುದಕ್ಕೆ ಹಳೆಯ ಗೋಡೆಯೇ ಇರುವುದಿಲ್ಲ. ದಿನಕ್ಕೆ ಸುಮಾರು ಒಂದೂವರೆ ಲೀಟರು ದ್ರವ ಅದರೊಳಗೆ ಬರುತ್ತದೆ, ಅದರಲ್ಲಿ ಬಹುಪಾಲನ್ನು ಹೀರಿ ದೇಹಕ್ಕೆ ಮರಳಿಸಿ, ನೂರು ನೂರೈವತ್ತು ಮಿಲಿಲೀಟರನ್ನು ಮಾತ್ರ ಮಲದೊಡನೆ ಬಿಡುತ್ತದೆ. ಕೊಲೊನೋಸ್ಕೋಪಿ ಪರೀಕ್ಷೆಗೆ ಮುನ್ನ ಔಷಧ ಬೆರೆಸಿದ ನೀರು ಕುಡಿಸಿ ಕರುಳನ್ನು ಖಾಲಿ ಮಾಡಿಸಿದಾಗ, ತಜ್ಞರಿಗೆ ಒಳಗೆ ಕಾಣುವುದು ನಸುಗೆಂಪಿನ ನುಣುಪಾದ ಗೋಡೆಯೇ. ನಿತ್ಯ ಒಂದು ಬಾರಿ ಆಗಲೇಬೇಕೆಂಬ ನಿಯಮವೂ ಇಲ್ಲ. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ, ತಿಣುಕದೆ ಸಲೀಸಾಗಿ ಆಗುತ್ತಿದ್ದರೆ ಅದು ಸಹಜವೇ.

ಉಪ್ಪುನೀರಿನ ಅಪಾಯ

ಶಂಖಪ್ರಕ್ಷಾಲನದಲ್ಲಿ ಉಗುರುಬೆಚ್ಚಗಿನ ಉಪ್ಪುನೀರನ್ನು ಎರಡೆರಡು ಲೋಟ ಕುಡಿದು, ತಾಡಾಸನ, ತಿರ್ಯಕ್ ತಾಡಾಸನ, ಕಟಿಚಕ್ರಾಸನ, ತಿರ್ಯಕ್ ಭುಜಂಗಾಸನ, ಉದರಾಕರ್ಷಣಾಸನಗಳನ್ನು ಮಾಡುತ್ತ, ಕೊನೆಗೆ ಬರಿಯ ತಿಳಿನೀರು ಹೊರಬರುವವರೆಗೆ ಮುಂದುವರಿಸುತ್ತಾರೆ. ಹದಿನಾರು ಲೋಟ ದಾಟುವುದೂ ಉಂಟು. ಉಪ್ಪು ಏಕೆ? ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿದ್ದರೆ ನೀರಿನ ಸಾಂದ್ರತೆ ರಕ್ತದ ಸಾಂದ್ರತೆಗೆ ಸಮನಾಗುತ್ತದೆ, ಕರುಳು ಅದನ್ನು ಬೇಗ ಹೀರಿಕೊಳ್ಳದೆ ಮುಂದಕ್ಕೆ ಬಿಡುತ್ತದೆ. ಉಪ್ಪು ಕಡಿಮೆಯಾದರೆ ನೀರು ರಕ್ತಕ್ಕೆ ಸೇರಿ ಸೋಡಿಯಂ ಇಳಿಯುತ್ತದೆ. ಹೆಚ್ಚಾದರೆ ಸೋಡಿಯಂ ಏರುತ್ತದೆ. ಎರಡರಲ್ಲಿಯೂ ಮಿದುಳಿಗೆ ಅಪಾಯ. ನಾಲ್ಕು ಲೀಟರಿನಲ್ಲಿ ಹೊಟ್ಟೆಗೆ ಹೋಗುವ ಉಪ್ಪು 36 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ. ಹೊಟ್ಟೆಗೆ ಹೋದದ್ದೆಲ್ಲ ಹೊರಬಂದರೆ ಸರಿ, ಬಾರದೆ ಉಳಿದರೆ? ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಉಳ್ಳವರು, ಗರ್ಭಿಣಿಯರು, ಮಕ್ಕಳು, ಎಪ್ಪತ್ತು ದಾಟಿದವರು ಇದರ ಹತ್ತಿರ ಸುಳಿಯಕೂಡದು.

ಉಪಕರಣದ ಶುದ್ಧಿಯ ಮಾತೂ ಅಷ್ಟೇ ಮುಖ್ಯ. ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ಚಿಕಿತ್ಸಾಲಯದಲ್ಲಿ 1978ರಿಂದ 1980ರ ಅವಧಿಯಲ್ಲಿ, ಕರುಳು ತೊಳೆಯುವ ಯಂತ್ರದ ಮೂಲಕ ಕನಿಷ್ಠ 36 ಜನರಿಗೆ ಅಮೀಬಾ ಸೋಂಕು ಹರಡಿತು. ಹತ್ತು ಮಂದಿಯ ಕರುಳನ್ನು ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಯಿತು, ಅವರಲ್ಲಿ ಆರು ಮಂದಿ ತೀರಿಕೊಂಡರು. ಒಂದೇ ಡಬ್ಬಿ, ಒಂದೇ ನಳಿಗೆಯನ್ನು ಮನೆಯವರೆಲ್ಲ ಬಳಸುವುದನ್ನು ನಾವು ನಮ್ಮೂರ ಸುತ್ತಲೇ ಕಂಡಿದ್ದೇವೆ.

ಇದಕ್ಕಿಂತಲೂ ನಮ್ಮನ್ನು ಕಾಡುವುದು ರೋಗ ಮುಚ್ಚಿಹೋಗುವ ಅಪಾಯ. ಹುನಗುಂದದ ಕಡೆಯ ಅರವತ್ತರ ಆಸುಪಾಸಿನ ರೈತರೊಬ್ಬರು ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ಬಗೆದು, ಯಾವುದೋ ಶಿಬಿರದಲ್ಲಿ ಕಲಿತ ಎನಿಮಾವನ್ನು ಎಂಟು ತಿಂಗಳು ದಿನವೂ ತೆಗೆದುಕೊಂಡರು. ನೀರು ಹೋದಾಗಲೆಲ್ಲ ಹೊಟ್ಟೆ ಹಗುರವಾಗುತ್ತಿತ್ತು, ಅದರಿಂದ ಗುಣವಾಗುತ್ತಿದೆಯೆಂದೇ ನಂಬಿದ್ದರು. ನಮ್ಮಲ್ಲಿಗೆ ಬಂದದ್ದು ಮುಖ ಬಿಳುಚಿಕೊಂಡು ಹತ್ತು ಕಿಲೋ ಇಳಿದ ಮೇಲೆ. ಬೆರಳಿಟ್ಟು ಪರೀಕ್ಷಿಸಿದರೆ ಗುದನಾಳದಲ್ಲಿ ಗಟ್ಟಿಯಾದ ಗಡ್ಡೆ. ಆ ಪರೀಕ್ಷೆಗೆ ಬೇಕಾದದ್ದು ಒಂದು ಕೈಚೀಲ ಮತ್ತು ಎರಡು ನಿಮಿಷ. ಎಂಟು ತಿಂಗಳಲ್ಲಿ ಅವರಿಗೆ ಸಲಹೆ ಕೊಟ್ಟವರಲ್ಲಿ ಒಬ್ಬರೂ ಅದನ್ನು ಮಾಡಿರಲಿಲ್ಲ.

ನಮ್ಮ ಭಾಗದ ಮಲಬದ್ಧತೆ

ಹಾಗಾದರೆ ಹೊಟ್ಟೆ ಕಟ್ಟುವುದೇಕೆ? ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ತಡೆಯಬಾರದ 13 ವೇಗಗಳನ್ನು ಹೇಳುತ್ತದೆ, ಮಲವೇಗ ಅವುಗಳಲ್ಲೊಂದು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ತಲೆತಲಾಂತರದಿಂದ ಈ ವೇಗವನ್ನು ತಡೆಯುತ್ತಲೇ ಬಂದಿದ್ದಾರೆ. ನಸುಕಿನಲ್ಲಿ ಅಥವಾ ಕತ್ತಲಾದ ಮೇಲೆ ಚರಗಿ ಹಿಡಿದು ಬಯಲಿಗೆ ಹೋಗಬೇಕು. ನಡುಹಗಲು ಕರೆ ಬಂದರೆ ತಡೆದುಕೊಳ್ಳಬೇಕು. ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ, ಹೊಟ್ಟೆತುಂಬ ಉಣ್ಣುವುದನ್ನೇ ಬಿಡುವವರಿದ್ದಾರೆ. ಮನೆಯಲ್ಲಿ ಶೌಚಾಲಯ ಕಟ್ಟಿಸಿದ ಮೇಲೂ ಅದರಲ್ಲಿ ಜೋಳದ ಚೀಲ, ಕಟ್ಟಿಗೆ ಇಟ್ಟುದನ್ನು ನೋಡಿದ್ದೇವೆ. ಕರೆಗೆ ಓಗೊಡದ ಕರುಳು ಕ್ರಮೇಣ ಕರೆಯುವುದನ್ನೇ ಬಿಡುತ್ತದೆ. ಅಂತಹ ತಾಯಂದಿರಿಗೆ ಬೇಕಾದದ್ದು ಬಾಗಿಲು ಮತ್ತು ನೀರು ಇರುವ ಶೌಚಾಲಯ, ಎನಿಮಾ ಅಲ್ಲ.

ಇಳಕಲ್ಲಿನ ಮಗ್ಗದ ಕುಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತು ಸೀರೆ ನೇಯುವವರು, ಗ್ರಾನೈಟ್ ಗಣಿಯ ಬಿಸಿಲಲ್ಲಿ ಬೆವರು ಸುರಿಸುವವರು, ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಸವಳೆಂದು ಗುಟುಕರಿಸಿ ಬಿಡುವವರು, ಇವರೆಲ್ಲರಲ್ಲಿ ನೀರಿನ ಕೊರತೆ ಒಂದೇ. ಊಟವೂ ಬದಲಾಗಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ, ಅಷ್ಟೇ ಬಿಳಿಯ ಅಕ್ಕಿಯಲ್ಲಿಯೂ ಮೈದಾದಲ್ಲಿಯೂ 3 ಗ್ರಾಂ ಕೂಡ ಇಲ್ಲ. ರೊಟ್ಟಿ, ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಅಗಸಿ ಹಿಂಡಿ, ಮಜ್ಜಿಗೆ ಇರುವ ತಾಟಿನ ಮುಂದೆ ಕುಳಿತವರಿಗೆ ಕರುಳಿನ ಚಿಂತೆ ಹೆಚ್ಚೇನೂ ಇರಲಿಲ್ಲ. ಈಗ ಆ ತಾಟಿನಲ್ಲಿ ಅನ್ನದ ರಾಶಿಯಿದೆ, ಸಂಜೆಗೆ ಬೇಕರಿಯ ತಿನಿಸಿದೆ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆಗಳು, ಥೈರಾಯ್ಡ್ ಕೊರತೆ, ಮಧುಮೇಹಗಳೂ ಮಲ ಕಟ್ಟಿಸುತ್ತವೆ. ಇವನ್ನು ವೈದ್ಯರು ಕೇಳಿ ತಿಳಿಯಬೇಕು.

ಬೆಳಿಗ್ಗೆ ಎದ್ದೊಡನೆ ಎರಡು ಲೋಟ ಬೆಚ್ಚಗಿನ ನೀರು ಕುಡಿದು, ಹತ್ತು ನಿಮಿಷ ಅಡ್ಡಾಡಿ, ಪ್ರತಿದಿನ ಒಂದೇ ವೇಳೆಗೆ ಶೌಚಕ್ಕೆ ಕುಳಿತುಕೊಳ್ಳಿರಿ. ಕಮೋಡ್ ಬಳಸುವವರು ಕಾಲ ಕೆಳಗೆ ಒಂದು ಗಿಡ್ಡ ಮಣೆ ಇಟ್ಟುಕೊಂಡರೆ ಉಕ್ಕಡಗಾಲಿನಲ್ಲಿ ಕುಳಿತ ಅನುಕೂಲ ದೊರೆಯುತ್ತದೆ. ಸಾಲದಿದ್ದರೆ ರಾತ್ರಿ ಒಂದು ಚಮಚ ತ್ರಿಫಲಾ ಚೂರ್ಣವನ್ನು ಅಥವಾ ಇಸಬಗೋಲನ್ನು ಕೆಲದಿನ ತೆಗೆದುಕೊಳ್ಳಬಹುದು. ಇಸಬಗೋಲಿಗೆ ಸಾಕಷ್ಟು ನೀರು ಬೇಕೇ ಬೇಕು. ಔಡಲ ಎಣ್ಣೆ ಅಪರೂಪಕ್ಕೆ ಮಾತ್ರ, ಗರ್ಭಿಣಿಯರಿಗೆ ಬೇಡ.

ವೈದ್ಯರು ಪರೀಕ್ಷಿಸಿ ಎನಿಮಾ ತೆಗೆದುಕೊಳ್ಳಲು ಹೇಳಿದಾಗ, ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಅರ್ಧ ಲೀಟರು ಸಾಕು. ಡಬ್ಬಿಯನ್ನು ಮೈಯಿಂದ ಎರಡು ಅಡಿಗಿಂತ ಮೇಲೆ ತೂಗಬೇಡಿರಿ. ಕೊಳವೆಯಲ್ಲಿನ ಗಾಳಿಯನ್ನು ಮೊದಲು ಹೊರಬಿಡಿರಿ. ಎಡಮಗ್ಗುಲಾಗಿ ಮಲಗಿ ಬಲಮೊಣಕಾಲು ಮಡಚಿ, ಎಣ್ಣೆ ಹಚ್ಚಿದ ನಳಿಗೆಯನ್ನು ಎರಡು ಮೂರು ಅಂಗುಲ ಮಾತ್ರ ಮೆಲ್ಲಗೆ ಒಳಗಿಡಬೇಕು, ತಡೆದರೆ ಒತ್ತಬಾರದು. ನೋವು ಬಂದರೆ ನಿಲ್ಲಿಸಬೇಕು. ನಳಿಗೆ ಒಬ್ಬರದು ಒಬ್ಬರಿಗೇ. ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾ ಮೂತ್ರಪಿಂಡ ದುರ್ಬಲವಾದ ವೃದ್ಧರಿಗೂ ಎಳೆಯ ಮಕ್ಕಳಿಗೂ ಪ್ರಾಣಾಂತಿಕವಾಗಬಲ್ಲದು. ಕಾಫಿ ಕಷಾಯದ ಎನಿಮಾ ಎಂಬ ಹೊಸ ಹುಚ್ಚಿಗೆ ಶಾಸ್ತ್ರದಲ್ಲಿಯೂ ಆಧಾರವಿಲ್ಲ, ವಿಜ್ಞಾನದಲ್ಲಿಯೂ ಇಲ್ಲ.

ಮಲದಲ್ಲಿ ರಕ್ತ, ನಲವತ್ತೈದು ದಾಟಿದ ಮೇಲೆ ಏಕಾಏಕಿ ಬದಲಾದ ಮಲಪ್ರವೃತ್ತಿ, ಕಾರಣವಿಲ್ಲದೆ ಇಳಿಯುವ ತೂಕ, ಬಿಳಿಚಿಕೊಂಡ ಮುಖ, ಇವುಗಳಲ್ಲಿ ಒಂದು ಕಂಡರೂ ಚೂರ್ಣವನ್ನೂ ಎನಿಮಾವನ್ನೂ ಬದಿಗಿಟ್ಟು ಅದೇ ವಾರ ವೈದ್ಯರಿಗೆ ತೋರಿಸಿರಿ. ಹೊಟ್ಟೆಯುಬ್ಬಿ, ವಾಂತಿಯಾಗಿ, ಮಲವೂ ವಾಯುವೂ ಎರಡೂ ನಿಂತಿದ್ದರೆ ಬೆಳಗಾಗುವವರೆಗೆ ಕಾಯಬೇಡಿರಿ, ರಾತ್ರಿಯೇ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.